ಬಾಯಾರಿದ ಎಲೆಯ ಮೈಬಿಸಿ

ಮರಕ್ಕೆ ಸಂಸ್ಕೃತದಲ್ಲಿರುವ ಹಲವು ಹೆಸರುಗಳಲ್ಲಿ ‘ಪಾದಪ’ ಎಂಬುದೊಂದು. ಕಾಲಿನಿಂದ ಕುಡಿಯುವುದು ಎಂದು ಅದರ ಅರ್ಥ. ಕನ್ನಡ ಕಾವ್ಯಗಳಲ್ಲಿಯೂ ಕಾಣಸಿಗುವ ಈ ಒಂದು ಮಾತಿನಲ್ಲಿ ಸಸ್ಯಜೀವನದ ಅರ್ಧ ಕಥೆಯೇ ಅಡಗಿದೆ. ಬೇರೆಂಬ ಪಾದದಿಂದ ಹೀರಿದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ, ಹೋಗುತ್ತ ಏನು ಮಾಡುತ್ತದೆ ಎಂಬುದು ಉಳಿದರ್ಧ. ಆ ಭಾಗವನ್ನು ಹೇಳಬೇಕಾದುದು ಎಲೆ. ಆದರೆ ಎಲೆಗೆ ನಾಲಗೆಯಿಲ್ಲ.

ನೀರು ಸಾಲದೆ ಹೋದಾಗ ಹಸು ಕೂಗುತ್ತದೆ, ಮಗು ಅಳುತ್ತದೆ; ಗಿಡವಾದರೋ ನಿಂತಲ್ಲಿಯೇ ನಿಂತಿರುತ್ತದೆ. ಎಲೆಗಳು ಜೋತುಬಿದ್ದಾಗ ಬೇಸಾಯಗಾರನಿಗೆ ಅದರ ಸಂಕಟ ತಿಳಿಯುತ್ತದೆ, ನಿಜ. ಆದರೆ ಅಷ್ಟು ಹೊತ್ತಿಗೆ ಬಹುಪಾಲು ನಷ್ಟ ಆಗಿಹೋಗಿರುತ್ತದೆ. ಕಣ್ಣಿಗೆ ಬಾಡಿದಂತೆ ಕಾಣುವುದಕ್ಕೆ ಎಷ್ಟೋ ಮೊದಲೇ ಗಿಡ ತನ್ನ ಆಹಾರದ ತಯಾರಿಕೆಯನ್ನು ತಗ್ಗಿಸಿರುತ್ತದೆ. ತೆನೆ ಹೊರಡುವ ಕಾಲದಲ್ಲಿ ಕೆಲವೇ ದಿನ ನೀರು ತಪ್ಪಿದರೂ ಕಾಳು ಜೊಳ್ಳಾಗುವುದು ರೈತರೆಲ್ಲ ಕಂಡುಂಡ ಸಂಗತಿ.

ಹಾಗಾದರೆ ಬಾಡುವ ಮೊದಲೇ ಗಿಡದ ಬಾಯಾರಿಕೆಯನ್ನು ಅರಿಯುವ ಬಗೆಯುಂಟೆ? ಉಂಟು. ಬಾಯಾರಿದ ಎಲೆಯ ಮೈ ಬಿಸಿಯಾಗುತ್ತದೆ. ಆ ಬಿಸಿಯನ್ನು ಮುಟ್ಟದೆಯೇ, ದೂರದಿಂದಲೇ, ಚಿತ್ರದ ರೂಪದಲ್ಲಿ ಸೆರೆಹಿಡಿಯಬಲ್ಲ ಕ್ಯಾಮೆರಾ ಇಂದು ಸಸ್ಯವಿಜ್ಞಾನಿಗಳ ಕೈಯಲ್ಲಿದೆ. ಈ ವಿದ್ಯೆಯನ್ನು ಉಷ್ಣಚಿತ್ರಣವೆಂದು ಕರೆಯಬಹುದು.

ಹಸಿವೆಯೋ, ನೀರಡಿಕೆಯೋ?

ಎಲೆಯ ಬಿಸಿಗೂ ಅದರ ಬಾಯಾರಿಕೆಗೂ ಇರುವ ನಂಟನ್ನು ತಿಳಿಯಬೇಕಾದರೆ ಅದರ ಬಾಯಿಗಳನ್ನು ನೋಡಬೇಕು. ಎಲೆಯ ಮೈಮೇಲೆ, ಅದರಲ್ಲಿಯೂ ತಳಭಾಗದಲ್ಲಿ, ಬರಿಗಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿವೆ. ಅನೇಕ ಗಿಡಗಳಲ್ಲಿ ಒಂದು ಚದರ ಮಿಲಿಮೀಟರಿನಷ್ಟು ಜಾಗದಲ್ಲಿ ೧೦೦ರಿಂದ ೩೦೦ರವರೆಗೂ ಇಂಥ ಪತ್ರರಂಧ್ರಗಳು ಇರುತ್ತವೆ. ಒಂದೊಂದು ರಂಧ್ರದ ಅಕ್ಕಪಕ್ಕದಲ್ಲಿ ಅವರೆಕಾಳಿನ ಆಕಾರದ ಎರಡು ಕಾವಲು ಕೋಶಗಳು ತುಟಿಗಳಂತೆ ಕುಳಿತಿವೆ. ಅವು ನೀರು ಕುಡಿದು ಉಬ್ಬಿದಾಗ ಬಾಯಿ ತೆರೆಯುತ್ತದೆ. ನೀರಿಳಿದು ಸೊರಗಿದಾಗ ಮುಚ್ಚುತ್ತದೆ.

ಎಲೆ ಬಾಯಿ ತೆರೆಯುವುದು ಊಟಕ್ಕಾಗಿ. ಗಾಳಿಯಲ್ಲಿ ನೂರಕ್ಕೆ ೦.೦೪ರಷ್ಟು ಮಾತ್ರವೇ ಇರುವ ಇಂಗಾಲದ ಡೈಆಕ್ಸೈಡನ್ನು ಈ ರಂಧ್ರಗಳ ಮೂಲಕ ಒಳಗೆಳೆದುಕೊಂಡು, ಬಿಸಿಲಿನ ಬಲದಿಂದ ಅದು ಸಕ್ಕರೆಯನ್ನು ತಯಾರಿಸುತ್ತದೆ. ನಾವು ಉಣ್ಣುವ ಅನ್ನ, ರಾಗಿ, ಗೋಧಿಗಳೆಲ್ಲ ಮೂಲದಲ್ಲಿ ಆ ಸಕ್ಕರೆಯೇ. ಆದರೆ ಊಟಕ್ಕೆಂದು ತೆರೆದ ಬಾಯಿಯಿಂದ ಒಳಗಿನ ನೀರು ಆವಿಯಾಗಿ ಹೊರಕ್ಕೆ ಹೋಗದೆ ಇರುವುದಿಲ್ಲ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಹೀಗೆಯೇ ಗಾಳಿಯ ಪಾಲಾಗುತ್ತದೆ. ಬಾಯಿ ತೆರೆದರೆ ನೀರಡಿಕೆ, ಮುಚ್ಚಿದರೆ ಹಸಿವೆ. ಈ ಎರಡರ ನಡುವೆ ತೂಗುವುದೇ ಎಲೆಯ ನಿತ್ಯದ ಬಾಳು.

ಈ ನೀರಿನ ವೆಚ್ಚವನ್ನು ಮೊಟ್ಟಮೊದಲು ತಾಳ್ಮೆಯಿಂದ ಲೆಕ್ಕಹಾಕಿದವರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಅಗ್ರಗಣ್ಯ. ಲಂಡನ್ನಿನ ಸಮೀಪದ ಟೆಡಿಂಗ್ಟನ್ ಎಂಬಲ್ಲಿ ಆತ ಪಾದ್ರಿಯಾಗಿದ್ದ. ೧೭೨೪ರ ಬೇಸಗೆಯಲ್ಲಿ ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿಯ ಗಿಡವೊಂದನ್ನು ಕುಂಡದಲ್ಲಿಟ್ಟು, ಮಣ್ಣಿನಿಂದ ನೀರು ಆರದಂತೆ ಕುಂಡದ ಬಾಯಿಗೆ ಸೀಸದ ತಗಡು ಹೊದಿಸಿ, ಪ್ರತಿದಿನವೂ ಬೆಳಗ್ಗೆ ಮತ್ತು ಸಂಜೆ ತೂಕ ಮಾಡಿದ. ಹಗಲಿನ ಹನ್ನೆರಡು ಗಂಟೆಗಳಲ್ಲಿ ಆ ಗಿಡ ಸರಾಸರಿ ಒಂದು ಪೌಂಡು ನಾಲ್ಕು ಔನ್ಸು, ಎಂದರೆ ಅರ್ಧ ಕಿಲೋಗ್ರಾಮಿಗೂ ಮಿಕ್ಕ ನೀರನ್ನು ಬೆವರುತ್ತಿತ್ತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಮನುಷ್ಯನಿಗಿಂತ ಸೂರ್ಯಕಾಂತಿ ಹದಿನೇಳು ಪಟ್ಟು ಹೆಚ್ಚು ಬೆವರುತ್ತದೆಂದು ಅವನು ಗಣಿಸಿದ. ೧೭೨೭ರಲ್ಲಿ ಪ್ರಕಟವಾದ ಅವನ ಗ್ರಂಥ ಸಸ್ಯಗಳ ಶರೀರಕ್ರಿಯೆಯ ಅಧ್ಯಯನಕ್ಕೆ ಬುನಾದಿಯಾಯಿತು.

ಹೂಜಿಯ ನ್ಯಾಯ

ಬೆವರುವ ಎಲೆ ತಂಪಾಗಿರುತ್ತದೆ. ಮಣ್ಣಿನ ಹೂಜಿಯಲ್ಲಿಟ್ಟ ನೀರು ತಣ್ಣಗಾಗುವುದೂ, ಬೇಸಗೆಯಲ್ಲಿ ಬಾಗಿಲಿಗೆ ಕಟ್ಟಿದ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆ ತಂಪಾಗುವುದೂ ಯಾವ ನ್ಯಾಯದಿಂದಲೋ, ಎಲೆ ತಂಪಾಗುವುದೂ ಅದೇ ನ್ಯಾಯದಿಂದ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಅದನ್ನು ಅದು ತಾನಿದ್ದ ಜಾಗದಿಂದಲೇ ಕಿತ್ತುಕೊಂಡು ಹೋಗುತ್ತದೆ. ಆ ಶಾಖದ ಮೊತ್ತವೂ ಅಲ್ಪವಲ್ಲ. ಒಂದು ಗ್ರಾಂ ನೀರನ್ನು ಮಂಜಿನ ತಣ್ಪಿನಿಂದ ಕುದಿಯುವ ಹದಕ್ಕೆ ತರಲು ನೂರು ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ನೀರು ಸಾಧಾರಣ ಹವೆಯಲ್ಲಿ ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಬೇಕು. ಈ ಲೆಕ್ಕದಂತೆ ಹೇಲ್ಸನ ಸೂರ್ಯಕಾಂತಿ ಒಂದು ಹಗಲಿನಲ್ಲಿ ತನ್ನ ಮೈಯಿಂದ ಹೊರಹಾಕುತ್ತಿದ್ದ ಶಾಖ ಸುಮಾರು ನಾಲ್ಕೂವರೆ ಲೀಟರು ತಣ್ಣೀರನ್ನು ಒಲೆಯ ಮೇಲೆ ಕುದಿಸುವಷ್ಟು! ಬಿಸಿಲಿನಲ್ಲಿ ನಡೆದು ಬಂದವರಿಗೆ ಹೊಂಗೆಯ ಮರದ ನೆರಳು ತಗಡಿನ ಚಪ್ಪರದ ನೆರಳಿಗಿಂತ ಹಿತವಾಗಿ ತೋರುವುದಕ್ಕೆ ಇದೂ ಒಂದು ಕಾರಣ.

ಈಗ ನೆಲದಲ್ಲಿ ನೀರು ಕಡಿಮೆಯಾಯಿತೆನ್ನಿ. ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ರಸ ಹೆಚ್ಚುತ್ತದೆ. ಅದು ಕಾವಲು ಕೋಶಗಳಿಗೆ ಹೋಗುವ ಅಪಾಯದ ಸುದ್ದಿ. ಅದನ್ನು ಕೇಳಿದ ಕೂಡಲೇ ಅವು ಬಾಯಿ ಮುಚ್ಚಿಕೊಳ್ಳುತ್ತವೆ. ಬೆವರು ನಿಲ್ಲುತ್ತದೆ, ಬಿಸಿಲು ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಎಲೆ ಕಾಯುತ್ತದೆ. ನೀರುಂಡ ಎಲೆ ಒಣಹವೆಯಲ್ಲಿ ಸುತ್ತಣ ಗಾಳಿಗಿಂತ ಹಲವು ಡಿಗ್ರಿ ತಂಪಾಗಿರಬಲ್ಲುದು; ಬಾಯಿ ಮುಚ್ಚಿದ ಎಲೆ ಗಾಳಿಗಿಂತಲೂ ಬಿಸಿಯಾಗಬಹುದು. ಎಲೆಯಿನ್ನೂ ಹಸುರಾಗಿ, ನೆಟ್ಟಗೆ, ಏನೂ ಆಗದಂತೆ ನಿಂತಿರುವಾಗಲೇ ಈ ವ್ಯತ್ಯಾಸ ತಲೆದೋರಿರುತ್ತದೆ. ಕಣ್ಣಿಗೆ ಕಾಣದ ಸಾವಿರಾರು ಬಾಯಿಗಳು ತೆರೆದಿವೆಯೋ ಮುಚ್ಚಿವೆಯೋ ಎಂಬುದನ್ನು ಎಲೆಯ ಬಿಸಿ ಹೇಳಿಬಿಡುತ್ತದೆ.

ಕೆಂಪಿನಾಚೆಯ ಬೆಳಕು

ಈ ಬಿಸಿಯನ್ನು ದೂರದಿಂದ ಕಾಣುವುದು ಹೇಗೆ? ಅದರ ಮೊದಲ ಸುಳಿವು ಸಿಕ್ಕಿದ್ದು ಒಬ್ಬ ಖಗೋಳ ವಿಜ್ಞಾನಿಗೆ. ಸಂಗೀತವನ್ನು ವೃತ್ತಿಯಾಗಿ ಹಿಡಿದು ಜರ್ಮನಿಯಿಂದ ಇಂಗ್ಲೆಂಡಿಗೆ ಬಂದು, ೧೭೮೧ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದು ಲೋಕವಿಖ್ಯಾತನಾದ ವಿಲಿಯಂ ಹರ್ಷೆಲನೇ ಆತ. ದೂರದರ್ಶಕದಲ್ಲಿ ಸೂರ್ಯನನ್ನು ನೋಡಲು ಬಣ್ಣಬಣ್ಣದ ಗಾಜುಗಳನ್ನು ಬಳಸುತ್ತಿದ್ದಾಗ, ಒಂದೊಂದು ಬಣ್ಣದ ಗಾಜಿನಲ್ಲಿ ಒಂದೊಂದು ಪ್ರಮಾಣದ ಬಿಸಿ ಹಾಯುವಂತೆ ಅವನಿಗೆ ತೋರಿತು. ೧೮೦೦ರಲ್ಲಿ ಅವನು ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಕಾಮನಬಿಲ್ಲಿನ ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದ. ನೇರಿಳೆಯಿಂದ ಕೆಂಪಿನ ಕಡೆಗೆ ಹೋದಂತೆ ಬಿಸಿ ಏರುತ್ತಿತ್ತು. ಕೆಂಪು ಮುಗಿದ ಮೇಲೆ, ಯಾವ ಬೆಳಕೂ ಕಾಣದ ಬರಿಯ ಜಾಗದಲ್ಲಿ, ಪಾದರಸ ಇನ್ನೂ ಮೇಲೇರಿತು! ಕಣ್ಣಿಗೆ ಕಾಣದ ಬೆಳಕೂ ಒಂದುಂಟೆಂಬುದು ಹೀಗೆ ಗೊತ್ತಾಯಿತು. ಅದೇ ಅವಗೆಂಪು ಕಿರಣ.

ಹರ್ಷೆಲನ ಮಗ ಜಾನ್ ಹರ್ಷೆಲ್ ೧೮೪೦ರಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋದ. ಕಾಡಿಗೆ ಬಳಿದ ತೆಳುಕಾಗದವನ್ನು ಆಲ್ಕೊಹಾಲಿನಿಂದ ತೋಯಿಸಿ ಅದರ ಮೇಲೆ ಬಿಡಿಸಿದ ಬಿಸಿಲನ್ನು ಹಾಯಿಸಿದ. ಶಾಖ ಹೆಚ್ಚು ಬಿದ್ದ ಕಡೆ ಬೇಗ ಒಣಗಿ, ಕಡಿಮೆ ಬಿದ್ದ ಕಡೆ ಹಸಿಯಾಗಿಯೇ ಉಳಿದು, ಕಾಗದದ ಮೇಲೆ ಶಾಖದ್ದೇ ಒಂದು ಚಿತ್ರ ಮೂಡಿತು. ಎಲೆಯನ್ನು ತಂಪಾಗಿಡುವ ದ್ರವದ ಆರುವಿಕೆಯೇ ಮೊದಲ ಉಷ್ಣಚಿತ್ರವನ್ನೂ ಬರೆಯಿತೆಂಬುದು ಸ್ವಾರಸ್ಯದ ವಿಷಯ.

ಬಿಸಿಯಿರುವ ವಸ್ತುವೆಲ್ಲವೂ, ನಮ್ಮ ಮೈಯೂ, ಗೋಡೆಯೂ, ಎಲೆಯೂ, ಹಗಲಿರುಳೆನ್ನದೆ ಇಂಥ ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ಬಿಸಿ ಹೆಚ್ಚಿದಷ್ಟೂ ಸೂಸುವುದು ಹೆಚ್ಚು. ಉಷ್ಣಚಿತ್ರದ ಕ್ಯಾಮೆರಾ ಹಿಡಿಯುವುದು ಇದನ್ನೇ. ಅದರ ಮಸೂರ ಗಾಜಿನದಲ್ಲ. ಈ ಕಿರಣಗಳಿಗೆ ಗಾಜು ಗೋಡೆಯಂತೆ ಅಡ್ಡ. ಜರ್ಮೇನಿಯಂ ಎಂಬ ಬೂದುಬಣ್ಣದ ಮೂಲವಸ್ತುವಿನಿಂದ ಅದನ್ನು ಮಾಡುತ್ತಾರೆ. ನಮ್ಮ ಕಣ್ಣಿಗೆ ಅದು ಲೋಹದ ಬಿಲ್ಲೆಯಂತೆ ಅಪಾರದರ್ಶಕ. ಶಾಖದ ಕಿರಣಗಳಿಗೋ ಅದು ತೆರೆದ ಕಿಟಕಿ. ಹಿಂದೆ ಇಂಥ ಕ್ಯಾಮೆರಾಗಳ ಒಳಭಾಗವನ್ನು ದ್ರವ ನೈಟ್ರೊಜನ್ನಿನಿಂದ ತಂಪಾಗಿಡಬೇಕಾಗಿತ್ತು. ಈಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕ್ಯಾಮೆರಾಗಳು ಬಂದಿವೆ. ಒಳ್ಳೆಯದೊಂದು ಕ್ಯಾಮೆರಾ ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಪಾಲಿನ ಅಂತರವನ್ನೂ ಗುರುತಿಸಬಲ್ಲುದು. ಚಿತ್ರದಲ್ಲಿ ಕಾಣುವ ಕೆಂಪು, ಹಳದಿ, ನೀಲಿಗಳು ಎಲೆಯ ಬಣ್ಣಗಳಲ್ಲ. ಬಿಸಿಯ ಏರಿಳಿತವನ್ನು ನಮಗೆ ತಿಳಿಸಲು ಯಂತ್ರ ಹಚ್ಚಿದ ಗುರುತುಗಳು.

ಮರಳುಗಾಡಿನ ಅಂಚಿನ ಹೊಲಗಳಲ್ಲಿ

ಎಲೆಯ ಬಿಸಿಯಿಂದ ಬೆಳೆಯ ನೀರಿನ ಸ್ಥಿತಿಯನ್ನು ಅರಿಯಬಹುದೆಂದು ೧೯೬೩ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನ ಮಣ್ಣುವಿಜ್ಞಾನಿ ಟ್ಯಾನರ್ ಒಂದು ಚಿಕ್ಕ ಲೇಖನದಲ್ಲಿ ಸೂಚಿಸಿದ. ಆಗ ಚಿತ್ರ ತೆಗೆಯುವ ಯಂತ್ರವಲ್ಲ, ಒಂದು ತಾಣದ ಬಿಸಿಯನ್ನು ದೂರದಿಂದ ಅಳೆಯುವ ಮಾಪಕವಷ್ಟೇ ಸಸ್ಯವಿಜ್ಞಾನಿಗಳ ಬಳಿ ಇತ್ತು. ಆ ಸೂಚನೆ ಕೈಗೂಡಿದ್ದು ಅರಿಜೋನಾ ಪ್ರಾಂತದ ಫೀನಿಕ್ಸ್ ನಗರದಲ್ಲಿ. ಮಳೆ ತೀರ ಕಡಿಮೆ, ಬಿಸಿಲು ಅತಿ ಕಠಿಣ. ಹನಿ ನೀರಿಗೂ ಲೆಕ್ಕವಿಡಬೇಕಾದ ನಾಡು ಅದು. ಅಲ್ಲಿನ ಜಲಸಂರಕ್ಷಣ ಪ್ರಯೋಗಾಲಯದ ಇಡ್ಸೊ, ಜ್ಯಾಕ್ಸನ್ ಮತ್ತು ಅವರ ಸಂಗಡಿಗರು ೧೯೭೭ರಿಂದೀಚೆಗೆ ಗೋಧಿ ಮೊದಲಾದ ಬೆಳೆಗಳ ಮೈಬಿಸಿಯನ್ನು ಹೊಲದಲ್ಲಿ ನಿಂತು ಅಳೆಯುತ್ತ ಹೋದರು.

ಎಲೆ ಎಷ್ಟು ಬಿಸಿಯಾಗಿದೆ ಎಂಬುದೊಂದರಿಂದಲೇ ಏನೂ ತಿಳಿಯುವುದಿಲ್ಲವೆಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ನೀರು ಯಥೇಷ್ಟವಾಗಿದ್ದರೂ ತೇವ ತುಂಬಿದ ಗಾಳಿಯಲ್ಲಿ ಬೆವರು ಆರದು. ಒಣಗಾಳಿಯಲ್ಲಿ ಬೇಗ ಆರುತ್ತದೆ. ಕರಾವಳಿಯ ಸೆಕೆಯನ್ನೂ ಬಯಲುಸೀಮೆಯ ಬೇಸಗೆಯನ್ನೂ ಅನುಭವಿಸಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದ್ದರಿಂದ ಅವರು ಇಂದಿನ ಈ ಹವೆಯಲ್ಲಿ ನೀರುಂಡ ಬೆಳೆ ಎಷ್ಟು ತಂಪಾಗಿರಬೇಕು, ಬೆವರೇ ಇಲ್ಲದ ಬೆಳೆ ಎಷ್ಟು ಬಿಸಿಯಾಗಬೇಕು ಎಂಬ ಎರಡು ಎಲ್ಲೆಗಳನ್ನು ಮೊದಲು ಕಂಡುಕೊಂಡು, ಹೊಲದ ಬೆಳೆ ಅವೆರಡರ ನಡುವೆ ಎಲ್ಲಿ ನಿಂತಿದೆಯೆಂದು ಲೆಕ್ಕಹಾಕಿದರು. ಸೊನ್ನೆಯೆಂದರೆ ಬೆಳೆ ಸುಖವಾಗಿದೆ; ಒಂದೆಂದರೆ ಬಾಯಿ ಪೂರ್ತಿ ಮುಚ್ಚಿದೆ. ೧೯೮೧ರಲ್ಲಿ ಪ್ರಕಟವಾದ ಈ ಅಳತೆಗೋಲು ಬೆಳೆಗೆ ಯಾವಾಗ ನೀರು ಹಾಯಿಸಬೇಕೆಂಬುದನ್ನು ನಿರ್ಧರಿಸಲು ಇಂದಿಗೂ ಬಳಕೆಯಲ್ಲಿದೆ.

ಬ್ರಿಟನ್ನಿನ ಸಸ್ಯವಿಜ್ಞಾನಿ ಹ್ಯಾಮ್ಲಿನ್ ಜೋನ್ಸ್ ೧೯೯೯ರ ಸುಮಾರಿಗೆ ಇದಕ್ಕೊಂದು ಸರಳವಾದ ಉಪಾಯವನ್ನು ಜೋಡಿಸಿದರು. ಗಿಡದ ಒಂದು ಎಲೆಯನ್ನು ನೀರಿನಿಂದ ಒದ್ದೆಮಾಡುವುದು. ಇನ್ನೊಂದರ ಎರಡು ಬದಿಗೂ ವ್ಯಾಸಲೀನು ಬಳಿದು ಬಾಯಿಗಳನ್ನೆಲ್ಲ ಮುಚ್ಚಿಬಿಡುವುದು. ಒಂದು ಅತಿ ತಂಪಿನ ಸಾಕ್ಷಿ, ಮತ್ತೊಂದು ಅತಿ ಬಿಸಿಯ ಸಾಕ್ಷಿ. ಒಂದೇ ಚಿತ್ರದಲ್ಲಿ ಇವೆರಡನ್ನೂ ಸೇರಿಸಿಕೊಂಡರೆ ಉಳಿದ ಎಲೆಗಳ ಸ್ಥಿತಿ ತಾನಾಗಿಯೇ ತಿಳಿಯುತ್ತದೆ. ದ್ರಾಕ್ಷಿಯ ತೋಟಗಳಲ್ಲಿ ಈ ಕ್ರಮ ಪರೀಕ್ಷೆಗೆ ಒಳಗಾಗಿ ಗೆದ್ದಿದೆ.

ಚಿತ್ರ ಬಂದಮೇಲೆ ಇನ್ನೊಂದು ಅನುಕೂಲವೂ ಆಯಿತು. ಮಾಪಕ ಒಂದು ಎಲೆಗೆ ಒಂದು ಅಂಕಿಯನ್ನು ಕೊಡುತ್ತಿತ್ತು. ಕ್ಯಾಮೆರಾ ಎಲೆಯ ಮೂಲೆಮೂಲೆಯನ್ನೂ ತೋರಿಸುತ್ತದೆ. ಹೇಲ್ಸನ ತಕ್ಕಡಿಯಲ್ಲಿ ಸೂರ್ಯಕಾಂತಿ ತೂಗಿ ೨೬೦ ವರ್ಷಗಳಾದಮೇಲೆ, ೧೯೮೪ರಲ್ಲಿ, ಜಪಾನಿನ ಹಶಿಮೊಟೊ ಮತ್ತು ಸಂಗಡಿಗರು ಅದೇ ಸೂರ್ಯಕಾಂತಿಯ ಎಲೆಗಳನ್ನು ಉಷ್ಣಚಿತ್ರದಲ್ಲಿ ನೋಡಿ, ನೀರಿನ ಅಭಾವ ಎಲೆಯ ಮೇಲೆ ಹೇಗೆ ಹರಡುತ್ತ ಹೋಗುತ್ತದೆಂಬುದನ್ನು ಗಳಿಗೆಗಳಿಗೆಗೂ ಗುರುತಿಸಿದರು.

ತಂಪೆಲ್ಲ ಆರೋಗ್ಯವಲ್ಲ

ಬಿಸಿಯಾದ ಎಲೆಯೆಂದರೆ ಕೆಟ್ಟದ್ದು, ತಂಪಾದ ಎಲೆಯೆಂದರೆ ಒಳ್ಳೆಯದು ಎಂದು ಇಷ್ಟರಿಂದ ತೀರ್ಮಾನಿಸಿದರೆ ಅವಸರವಾದೀತು. ೧೯೮೮ರಲ್ಲಿ ರಸ್ಕಿನ್ ಮತ್ತು ಲೇಡಿಮನ್ ಎಂಬ ವಿಜ್ಞಾನಿಗಳು ಬಾರ್ಲಿಯ ಸಸಿಗಳ ಗುಂಪನ್ನು ಉಷ್ಣಚಿತ್ರದಲ್ಲಿ ಪರೀಕ್ಷಿಸುತ್ತಿದ್ದಾಗ, ಉಳಿದವುಗಳಿಗಿಂತ ತಂಪಾದ ಸಸಿಯೊಂದು ಅವರ ಕಣ್ಣಿಗೆ ಬಿತ್ತು. ಅದರ ವಂಶಕ್ಕೆ ‘ಕೂಲ್’ ಎಂದೇ ಹೆಸರಿಟ್ಟರು. ಪರೀಕ್ಷಿಸಿ ನೋಡಿದರೆ, ಆ ತಂಪು ಆರೋಗ್ಯದ ತಂಪಾಗಿರಲಿಲ್ಲ. ಅಬ್ಸಿಸಿಕ್ ಆಮ್ಲದ ಎಚ್ಚರಿಕೆಯನ್ನು ಆ ಗಿಡದ ಬಾಯಿಗಳು ಕೇಳುತ್ತಲೇ ಇರಲಿಲ್ಲ. ಕತ್ತಲೆಯಾದರೂ, ಬರ ಬಂದರೂ ಅವು ಮುಚ್ಚುತ್ತಿರಲಿಲ್ಲ. ಮನೆಯ ತಿಜೋರಿ ಬರಿದಾಗುತ್ತಿದ್ದರೂ ಖರ್ಚು ನಿಲ್ಲಿಸದ ಯಜಮಾನನ ಸ್ಥಿತಿ ಅದರದು.

ವಿಜ್ಞಾನಕ್ಕೆ ಇಂಥ ದೋಷವೇ ದೀಪವಾಗುತ್ತದೆ. ೨೦೦೨ರಲ್ಲಿ ಫ್ರಾನ್ಸಿನ ಸಂಶೋಧಕರು ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಸಸಿಗಳನ್ನು ಬರಕ್ಕೆ ಒಡ್ಡಿ, ಎಲ್ಲವೂ ಬಿಸಿಯಾಗಬೇಕಾದ ಹೊತ್ತಿನಲ್ಲಿ ತಂಪಾಗಿಯೇ ಉಳಿದವುಗಳನ್ನು ಉಷ್ಣಚಿತ್ರದ ನೆರವಿನಿಂದ ಆರಿಸಿದರು. ಕಣ್ಣಿಗೆ ಎಲ್ಲ ಸಸಿಗಳೂ ಒಂದೇ ಸಮನಾಗಿ ಕಾಣುತ್ತಿದ್ದ ಕಾರಣ ಬೇರೆ ವಿಧಾನದಿಂದ ಅವುಗಳನ್ನು ಹೆಕ್ಕುವುದು ಬಹಳ ಕಷ್ಟವಾಗುತ್ತಿತ್ತು. ಆ ಸಸಿಗಳಲ್ಲಿ ಏನು ಕೆಟ್ಟಿದೆಯೆಂದು ಹುಡುಕುತ್ತ ಹೋಗಿ, ಬಾಯಿ ಮುಚ್ಚುವ ಆಜ್ಞೆಯನ್ನು ಕಾವಲು ಕೋಶದೊಳಗೆ ಮುಂದಕ್ಕೆ ಸಾಗಿಸುವ ಮುಖ್ಯ ಜೀನೊಂದನ್ನು ಅವರು ಪತ್ತೆಹಚ್ಚಿದರು.

ಆದರೆ ನೀರಿಗೆ ಕೊರತೆಯಿಲ್ಲದ ಕಡೆ ತಂಪು ನಿಜವಾಗಿಯೂ ಶುಭಲಕ್ಷಣವೇ. ಮೆಕ್ಸಿಕೊ ದೇಶದ ನೀರಾವರಿ ಹೊಲಗಳಲ್ಲಿ, ೧೯೬೨ರಿಂದ ೧೯೮೮ರವರೆಗೆ ಬಿಡುಗಡೆಯಾದ ಎಂಟು ಗೋಧಿ ತಳಿಗಳನ್ನು ಒಟ್ಟಿಗೆ ಬೆಳೆದು ಹೋಲಿಸಿದ ವರದಿ ೧೯೯೮ರಲ್ಲಿ ಹೊರಬಂತು. ಹಸುರು ಕ್ರಾಂತಿಯ ಕಾಲದಿಂದ ಈಚೆಗೆ ಇಳುವರಿ ಹೆಚ್ಚುತ್ತ ಬಂದಂತೆ ಪೈರಿನ ಮೈ ಸುಮಾರು ೦.೬ ಡಿಗ್ರಿಯಷ್ಟು ತಂಪಾಗುತ್ತ ಬಂದಿತ್ತು! ತಳಿಗಳನ್ನು ಆರಿಸಿದವರು ಕಾಳನ್ನು ನೋಡಿ ಆರಿಸಿದ್ದರೇ ಹೊರತು ಬಿಸಿಯನ್ನು ನೋಡಿ ಅಲ್ಲ. ತಮಗರಿವಿಲ್ಲದೆಯೇ ಅವರು ಬಾಯಿಯನ್ನು ಹೆಚ್ಚು ತೆರೆದು ಹೆಚ್ಚು ಉಣ್ಣುವ ಗಿಡಗಳನ್ನು ಆರಿಸಿದ್ದರು.

ಒಂದೇ ತಂಪು ಬರದಲ್ಲಿ ದೋಷ, ನೀರಾವರಿಯಲ್ಲಿ ಗುಣ. ಹಾಗೆಯೇ ಬಿಸಿಯೂ ಒಮ್ಮೆ ಸಂಕಟದ ಗುರುತು, ಒಮ್ಮೆ ಮಿತವ್ಯಯದ ಗುರುತು. ಚಿತ್ರವನ್ನು ತೆಗೆಯುವುದು ಯಂತ್ರದ ಕೆಲಸ. ಅದನ್ನು ಓದುವುದಕ್ಕೆ ಗಿಡದ ಬಾಳನ್ನು ಬಲ್ಲ ಮನುಷ್ಯನೇ ಬೇಕು.

ರೋಗದ ಮುನ್ಸೂಚನೆ

ನೀರಡಿಕೆಯಷ್ಟೇ ಅಲ್ಲ, ರೋಗವೂ ಕೆಲವೊಮ್ಮೆ ಈ ಕ್ಯಾಮೆರಾಕ್ಕೆ ಮೊದಲು ಸಿಕ್ಕಿಬೀಳುತ್ತದೆ. ಬೆಲ್ಜಿಯಮ್ಮಿನ ಘೆಂಟ್ ನಗರದ ವಿಜ್ಞಾನಿಗಳು ೧೯೯೯ರಲ್ಲಿ ಹೊಗೆಸೊಪ್ಪಿನ ಎಲೆಗಳಿಗೆ ಮೊಸಾಯಿಕ್ ವೈರಸ್ಸನ್ನು ಸೋಂಕಿಸಿ ಉಷ್ಣಚಿತ್ರ ತೆಗೆಯುತ್ತ ಹೋದರು. ರೋಗವನ್ನು ಎದುರಿಸಬಲ್ಲ ತಳಿ ಅದು. ಸೋಂಕು ತಗುಲಿದ ಜಾಗದ ಜೀವಕೋಶಗಳನ್ನು ತಾನೇ ಸಾಯಿಸಿ, ರೋಗ ಹರಡದಂತೆ ತಡೆಯುತ್ತದೆ. ಆ ಸಾವಿನ ಕಲೆ ಕಣ್ಣಿಗೆ ಕಾಣಿಸಿಕೊಳ್ಳುವ ಸುಮಾರು ಎಂಟು ಗಂಟೆ ಮೊದಲೇ, ಅದೇ ಜಾಗದಲ್ಲಿ ೦.೩ರಿಂದ ೦.೪ ಡಿಗ್ರಿಯಷ್ಟು ಬಿಸಿಯೇರಿದ ಚುಕ್ಕೆಗಳು ಚಿತ್ರದಲ್ಲಿ ಮೂಡಿದವು. ಸೋಂಕಿದೆಡೆಯಲ್ಲಿ ಶೇಖರವಾದ ಸ್ಯಾಲಿಸಿಲಿಕ್ ಆಮ್ಲ ಅಲ್ಲಿನ ಬಾಯಿಗಳನ್ನು ಮುಚ್ಚಿಸಿತ್ತು. ಮನುಷ್ಯರ ಜ್ವರವನ್ನಿಳಿಸುವ ಆಸ್ಪಿರಿನ್ ಇದೇ ಆಮ್ಲದ ಬಂಧು. ಎಲೆಯಲ್ಲಾದರೋ ಅದರಿಂದಲೇ ಮೈ ಬಿಸಿಯಾಗುತ್ತದೆಂಬುದು ಪ್ರಕೃತಿಯ ವಿನೋದ.

ಆದರೂ ಒಂದು ಎಚ್ಚರಿಕೆ ಅಗತ್ಯ. ಜ್ವರ ಬಂದಿದೆಯೆಂದು ಉಷ್ಣಮಾಪಕ ಹೇಳುತ್ತದೆ. ಮಲೇರಿಯವೋ ಶೀತವೋ ಎಂದು ಅದು ಹೇಳಲಾರದು. ಎಲೆ ಬಿಸಿಯಾಗಲು ನೀರಿನ ಅಭಾವ, ಬೇರಿನ ಕೊಳೆ, ಮಣ್ಣಿನ ಉಪ್ಪು, ವೈರಸ್ಸು ಯಾವುದಾದರೂ ಕಾರಣವಾಗಬಹುದು. ಒಂದು ಬೀಸುಗಾಳಿ ಎಲೆಯ ಬಿಸಿಯನ್ನು ಕ್ಷಣದಲ್ಲಿ ಬದಲಿಸುತ್ತದೆ. ಮೋಡವೊಂದು ಸೂರ್ಯನಿಗೆ ಅಡ್ಡಬಂದರೂ ಅಷ್ಟೇ. ಪೈರು ವಿರಳವಾಗಿದ್ದರೆ ಸಾಲುಗಳ ನಡುವಣ ಕಾದ ಮಣ್ಣಿನ ಬಿಸಿಯನ್ನೇ ಎಲೆಯ ಬಿಸಿಯೆಂದು ಭ್ರಮಿಸುವ ಅಪಾಯವೂ ಉಂಟು. ಉಷ್ಣಚಿತ್ರ ತೋರುಬೆರಳಷ್ಟೇ, ಅದು ತೋರಿದ ಕಡೆಗೆ ಹೋಗಿ ನೋಡುವ ಕೆಲಸ ತಪ್ಪುವುದಿಲ್ಲ.

ಆಕಾಶದಿಂದ ನೋಡಿದಾಗ

ಕುಂಡದ ಮುಂದೆ ನಿಂತಿದ್ದ ಕ್ಯಾಮೆರಾ ಈಗ ಬಹಳ ಎತ್ತರಕ್ಕೆ ಹೋಗಿದೆ. ಡ್ರೋನುಗಳಿಗೆ ಅದನ್ನು ಕಟ್ಟಿ ಹೊಲದ ಮೇಲೆ ಹಾರಿಸುತ್ತಾರೆ. ಅಮೆರಿಕದ ನಾಸಾ ಸಂಸ್ಥೆ ೨೦೧೮ರ ಜೂನ್ ತಿಂಗಳಲ್ಲಿ ‘ಇಕೊಸ್ಟ್ರೆಸ್’ ಎಂಬ ಉಪಕರಣವನ್ನು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಕಳುಹಿಸಿತು. ಸುಮಾರು ೪೦೦ ಕಿಲೋಮೀಟರು ಎತ್ತರದಿಂದ, ಎಪ್ಪತ್ತು ಮೀಟರು ಅಗಲದ ತುಂಡುಗಳಾಗಿ, ಭೂಮಿಯ ಹಸುರಿನ ಬಿಸಿಯನ್ನು ಅಳೆಯುವುದಕ್ಕಾಗಿ ಅದನ್ನು ರಚಿಸಲಾಯಿತು. ಆ ನಿಲ್ದಾಣ ಒಂದೇ ಊರಿನ ಮೇಲೆ ದಿನದ ಬೇರೆ ಬೇರೆ ಹೊತ್ತಿನಲ್ಲಿ ಹಾದುಹೋಗುವುದರಿಂದ, ಬೆಳಗ್ಗೆ ಬಾಯಿ ತೆರೆದಿದ್ದ ಬೆಳೆ ಮಧ್ಯಾಹ್ನಕ್ಕೆ ಮುಚ್ಚಿತೆ ಎಂಬುದನ್ನೂ ನೋಡುವುದು ಸಾಧ್ಯವಾಯಿತು.

ಭಾರತವೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ೨೦೧೭ರಲ್ಲಿ ನಾನಾಜಿ ದೇಶಮುಖ್ ಅವರ ಹೆಸರಿನ ಕೇಂದ್ರವೊಂದು ಆರಂಭವಾಯಿತು. ಅಲ್ಲಿ ಕುಂಡಗಳೇ ಸಾಲಾಗಿ ಯಂತ್ರಮಾರ್ಗದಲ್ಲಿ ಚಲಿಸಿ ಕ್ಯಾಮೆರಾಗಳ ಮುಂದೆ ಹಾಯುತ್ತವೆ; ಬರವನ್ನು ತಾಳಬಲ್ಲ ತಳಿ ಯಾವುದೆಂದು ಆರಿಸಲು ಉಷ್ಣಚಿತ್ರವೂ ಅಲ್ಲಿ ಒಂದು ಸಾಧನ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೊ ಸಂಸ್ಥೆಯು ಫ್ರಾನ್ಸಿನೊಡನೆ ಕೂಡಿ, ಹೊಲಗಳ ಬಿಸಿಯನ್ನೂ ನೀರಿನ ಬಳಕೆಯನ್ನೂ ಅಳೆಯುವ ಉಪಗ್ರಹವೊಂದನ್ನು ಯೋಜಿಸಿತು. ಉದ್ದವಾದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಇಟ್ಟ ಹೆಸರು ‘ತೃಷ್ಣಾ’. ತೃಷ್ಣೆಯೆಂದರೆ ಬಾಯಾರಿಕೆ. ಇದಕ್ಕಿಂತ ಒಪ್ಪುವ ಹೆಸರನ್ನು ಹುಡುಕುವುದು ಕಷ್ಟ.

ಜಗತ್ತಿನಲ್ಲಿ ಮನುಷ್ಯರು ನದಿ, ಕೆರೆ, ಬಾವಿಗಳಿಂದ ತೆಗೆಯುವ ಸಿಹಿನೀರಿನ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೇಸಾಯಕ್ಕೆ ಹೋಗುತ್ತದೆ. ಕರ್ನಾಟಕದ ಸಾಗುವಳಿ ಭೂಮಿಯ ದೊಡ್ಡ ಭಾಗ ಇನ್ನೂ ಮುಗಿಲನ್ನೇ ನಂಬಿದೆ. ಉಳಿದ ಕಡೆ ಕೊಳವೆಬಾವಿಗಳು ಆಳಕ್ಕೆ, ಮತ್ತೂ ಆಳಕ್ಕೆ ಇಳಿಯುತ್ತಿವೆ. ಇಂಥಲ್ಲಿ ಬೇಡದ ದಿನ ಹಾಯಿಸಿದ ನೀರೂ ನಷ್ಟ, ಬೇಕಾದ ದಿನ ತಪ್ಪಿದ ನೀರೂ ನಷ್ಟ. ಯಾವ ಕ್ಯಾಮೆರಾವೂ ಒಂದು ಹನಿ ನೀರನ್ನು ಹುಟ್ಟಿಸಲಾರದು. ಬತ್ತಿದ ಕೆರೆಯ ಬದಿಯ ಹೊಲವನ್ನು ಅಂತರಿಕ್ಷದಿಂದ ನೋಡಿ, ಇದಕ್ಕೆ ಬಾಯಾರಿಕೆಯಾಗಿದೆ ಎಂದು ಹೇಳಿದರೆ ಬಂದ ಫಲವೇನು? ಆದರೆ ಇರುವ ನೀರು ಅಲ್ಪವಾದಾಗ, ಅದನ್ನು ಯಾವ ಹೊಲಕ್ಕೆ, ಯಾವ ದಿನ, ಎಷ್ಟು ಕೊಡಬೇಕೆಂಬ ತಿಳಿವೇ ಅರ್ಧ ನೀರಿದ್ದಂತೆ. ಆ ತಿಳಿವನ್ನು ಕೊಡಬಲ್ಲ ಸಾಕ್ಷಿ ಎಂದಿನಿಂದಲೂ ಎಲೆಯಲ್ಲಿಯೇ ಇತ್ತು. ಅದನ್ನು ಕಾಣುವ ಕಣ್ಣನ್ನು ಮನುಷ್ಯ ಈಗ ಪಡೆದಿದ್ದಾನೆ. ಕಂಡಮೇಲೆ ನೀರನ್ನು ಹಂಚಿಕೊಳ್ಳುವ ವಿವೇಕವನ್ನು ಪಡೆಯುವುದು ಮಾತ್ರ ಅವನಿಗೇ ಸೇರಿದ್ದು.